ಕೋಗಿಲೆ ಮೊದಲು ಕೇಳುತ್ತದೆ, ಆಮೇಲೆ ಕಾಣುತ್ತದೆ

ನನ್ನ ಮಗ ಎರಡನೇ ತರಗತಿಯಲ್ಲಿ ಓದಲು ತಡವರಿಸುತ್ತಿದ್ದ ವರ್ಷ ನನಗೆ ಸಿಕ್ಕಷ್ಟು ಹೂವುಗಳು ನನ್ನ ಮದುವೆಯಲ್ಲೂ ಸಿಕ್ಕಿರಲಿಲ್ಲ. 'ಎಲ್ಲ ಹೂವೂ ಒಂದೇ ದಿನ ಅರಳುವುದಿಲ್ಲ' ಎಂದರು ಪಕ್ಕದ ಮನೆಯವರು. 'ಬಿದಿರು ಮೊದಲು ನೆಲದೊಳಗೆ ಬೇರು ಬಿಡುತ್ತದೆ, ಆಮೇಲೆ ನೋಡು ಹೇಗೆ ಏಳುತ್ತದೆ' ಎಂದರು ಕನ್ನಡ ಸಂಘದ ಹಿರಿಯರೊಬ್ಬರು. ಊರಿನ ವಾಟ್ಸಾಪ್ ಗುಂಪಿನಲ್ಲಿ ಕಂಬಳಿಹುಳು ಚಿಟ್ಟೆಯಾಗುವ ವಿಡಿಯೋ ಬಂತು. ಕಳಿಸಿದ ಅತ್ತಿಗೆ ಅದರ ಕೆಳಗೆ ಕೈಮುಗಿಯುವ ಗುರುತು ಹಾಕಿದ್ದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ನನಗೂ ಆ ಮಾತುಗಳು ಬೇಕಾಗಿದ್ದವು. ಹಾಗಾಗಿ ನಾನು ಕಾದೆ. ಮೊಗ್ಗಿನ ಮುಂದೆ ಕುಳಿತಂತೆ ಎರಡು ವರ್ಷ ಕಾದೆ.

ಆ ಎರಡು ವರ್ಷಗಳಲ್ಲಿ ಅವನೇನೂ ಸುಮ್ಮನೆ ಕೂತಿರಲಿಲ್ಲ, ಬಹಳ ಕಲಿತ. ಗಟ್ಟಿಯಾಗಿ ಓದುವ ಸರದಿ ಬರುವ ಹೊತ್ತಿಗೆ ಸರಿಯಾಗಿ ಬಾಯಾರಿಕೆ ತಂದುಕೊಳ್ಳುವುದು, ಪಕ್ಕದವನ ತುಟಿ ನೋಡಿ ಪಾಠ ಒಪ್ಪಿಸುವುದು, ಬರೆಯಲು ಹೇಳಿದೊಡನೆ ಪೆನ್ಸಿಲ್ಲಿನ ಮೊನೆ ಮುರಿಯುವುದು, 'ನಾನು ದಡ್ಡ' ಎಂದು ನಗುನಗುತ್ತಾ ಹೇಳುವುದು. ಕೊನೆಯದನ್ನು ಅವನಿಗೆ ಮನೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ನಾಲ್ಕನೇ ತರಗತಿಯಲ್ಲಿ ಅವನ ವರ್ಗಶಿಕ್ಷಕಿ ನನ್ನನ್ನು ಪಕ್ಕಕ್ಕೆ ಕರೆದು, ಹೂವಿನ ಮಾತೇನೂ ಆಡದೆ, 'ಒಮ್ಮೆ ಪರೀಕ್ಷೆ ಮಾಡಿಸಿ' ಎಂದರು. ಮಾಡಿಸಿದೆವು. ಕಣ್ಣು ಸರಿ ಇತ್ತು, ಕಿವಿ ಸರಿ ಇತ್ತು, ಬುದ್ಧಿ ವಯಸ್ಸಿಗೆ ತಕ್ಕಂತೆ ಇತ್ತು. ಇದ್ದದ್ದು ಡಿಸ್ಲೆಕ್ಸಿಯಾ.

ಇದನ್ನು ಬರೆಯಲು ಕುಳಿತದ್ದು ಆ ಎರಡು ವರ್ಷಗಳ ಸಾಲ ತೀರಿಸಲು. ಮುಂಬೈ, ಪುಣೆ, ಹೈದರಾಬಾದುಗಳ ನಮ್ಮ ಮನೆಗಳಲ್ಲಿ ಇಂಥ ಮಕ್ಕಳಿದ್ದಾರೆ, ಇಂಥ ಹೂವುಗಳೂ ಹಂಚಿಕೆಯಾಗುತ್ತಿವೆ. ಪ್ರಕೃತಿಯಿಂದ ತಂದ ಹೋಲಿಕೆಗಳ ಮೇಲೆ ನನಗೆ ಸಿಟ್ಟಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೇ: ಆ ಹೋಲಿಕೆ ದೊಡ್ಡವರ ಬಾಯಲ್ಲಿದ್ದರೆ ನಿದ್ದೆಯ ಮದ್ದು, ಮಗುವಿನ ಕೈಯಲ್ಲಿದ್ದರೆ ಕೆಲಸದ ಸಲಕರಣೆ. ನಮ್ಮ ಮನೆಯಲ್ಲಿ ಅದು ಬಾಯಿಂದ ಕೈಗೆ ಬರಲು ಒಂದು ಬೇಸಿಗೆ ರಜೆ ಬೇಕಾಯಿತು.

ಮೊದಲು ಒಂದು ತಪ್ಪು ತಿಳಿವಳಿಕೆ. 'ಡಿಸ್ಲೆಕ್ಸಿಯಾ ಇಂಗ್ಲಿಷಿನ ಕಾಯಿಲೆ, ಆಡಿದಂತೆ ಬರೆಯುವ ಕನ್ನಡದಲ್ಲಿ ಅದೆಲ್ಲಿಂದ ಬಂತು?' ಎಂದು ನನ್ನನ್ನು ಕೇಳಿದವರಿದ್ದಾರೆ. ಒಂದು ಕಾಲದಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲನೆಯದಾಗಿ ಅದು ಕಾಯಿಲೆಯಲ್ಲ. ಮಾತಿನೊಳಗಿನ ಸದ್ದುಗಳನ್ನು ಬಿಡಿಸಿ ಕೇಳಿಸಿಕೊಂಡು, ಒಂದೊಂದು ಸದ್ದನ್ನೂ ಒಂದೊಂದು ಗುರುತಿಗೆ ಗಂಟುಹಾಕುವ ಕೆಲಸ ಕೆಲವು ಮಿದುಳುಗಳಿಗೆ ತಾನಾಗಿ ಬರುವುದಿಲ್ಲ. ಮಾತನಾಡುವುದನ್ನು ಮನುಷ್ಯನ ಮರಿ ಸುಮ್ಮನೆ ಕೇಳುತ್ತಾ ಕಲಿಯುತ್ತದೆ. ಓದುವುದನ್ನು ಯಾರಾದರೂ ಕಲಿಸಲೇಬೇಕು. ಬರವಣಿಗೆ ಹುಟ್ಟಿ ಐದು ಸಾವಿರ ವರ್ಷದ ಆಸುಪಾಸು. ಅಷ್ಟರಲ್ಲಿ ಮಿದುಳಿನಲ್ಲಿ ಓದಿಗೆಂದೇ ಪ್ರತ್ಯೇಕ ಕೋಣೆ ಕಟ್ಟಿಕೊಳ್ಳಲು ಪುರುಸೊತ್ತು ಸಿಕ್ಕಿಲ್ಲ. ಎಲ್ಲರೂ ಇದ್ದ ಕೋಣೆಗಳಲ್ಲೇ ಜಾಗ ಮಾಡಿಕೊಂಡು ಓದುತ್ತೇವೆ. ಕೆಲವರಿಗೆ ಆ ಜಾಗ ಮಾಡಿಕೊಳ್ಳಲು ಹೆಚ್ಚು ಹೊತ್ತು ಬೇಕು, ಹಂತಹಂತವಾಗಿ ಕಲಿಸುವವರು ಬೇಕು.

ಎರಡನೆಯದಾಗಿ, ಕನ್ನಡ ನಾವಂದುಕೊಂಡಷ್ಟು ಸುಲಭವಲ್ಲ. ಇಂಗ್ಲಿಷಿನ ಕಾಗುಣಿತದ ಗೊಂದಲ ನಮ್ಮಲ್ಲಿಲ್ಲ ಎಂಬುದು ನಿಜ. ಆದರೆ ಇಂಗ್ಲಿಷಿನ ಮಗು 26 ಅಕ್ಷರಗಳ ಆಕಾರ ಕಲಿತರೆ, ನಮ್ಮ ಮಗು 49 ಅಕ್ಷರ ಕಲಿತು, ಆಮೇಲೆ ಕಾಗುಣಿತ ಸೇರಿಸಿ, ಅದರ ಮೇಲೆ ಒತ್ತಕ್ಷರಗಳನ್ನೂ ಸೇರಿಸಿ, ನೂರಾರು ರೂಪಗಳನ್ನು ಗುರುತಿಸಬೇಕು. ಪ, ಷ, ವ ಒಂದನ್ನೊಂದು ಹೋಲುತ್ತವೆ. ದ, ಧ, ಥ ಒಂದು ಗೀಟು, ಒಂದು ಚುಕ್ಕೆಯಲ್ಲಿ ಬೇರೆಯಾಗುತ್ತವೆ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರಂಥ ಸಂಶೋಧಕರು ತೋರಿಸಿರುವಂತೆ, ಇಡೀ ಅಕ್ಷರಮಾಲೆ ಕೈವಶವಾಗುವುದು ಒಂದೆರಡು ವರ್ಷದ ಮಾತಲ್ಲ. ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ಅದು ನಡೆದೇ ಇರುತ್ತದೆ. ಹರಿಯಾಣದ ಮಾನೇಸರಿನಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 'ಡಾಲಿ' ಎಂಬ ಪರೀಕ್ಷಾ ಸಾಧನವನ್ನು ರೂಪಿಸಿದಾಗ ಇಂಗ್ಲಿಷ್, ಹಿಂದಿ, ಮರಾಠಿಗಳ ಜೊತೆಗೆ ಕನ್ನಡವನ್ನೂ ಸೇರಿಸಿಕೊಂಡದ್ದು ಸುಮ್ಮನೆ ಅಲ್ಲ.

ಇನ್ನು ಹೊರನಾಡಿನ ನಮ್ಮ ಮಕ್ಕಳ ಪಾಡು ನೋಡಿ. ಡೊಂಬಿವಲಿಯ ನಮ್ಮ ಮನೆಯ ಹುಡುಗನಿಗೆ ಶಾಲೆಯಲ್ಲಿ ಇಂಗ್ಲಿಷಿನ ಲಿಪಿ, ಹಿಂದಿ-ಮರಾಠಿಗೆ ದೇವನಾಗರಿ, ಭಾನುವಾರ ಸಂಘದ ತರಗತಿಯಲ್ಲಿ ಕನ್ನಡ. ದೇವನಾಗರಿಯಲ್ಲಿ 'ಕಿ' ಬರೆಯುವಾಗ 'ಇ'ಕಾರದ ಗುರುತು ಅಕ್ಷರದ ಎಡಕ್ಕೆ ಬರುತ್ತದೆ. ಸದ್ದು ಆಮೇಲೆ, ಗುರುತು ಮೊದಲು. ಕನ್ನಡದ ಅರ್ಕಾವೊತ್ತಿನಲ್ಲಿ ತದ್ವಿರುದ್ಧ. 'ಸೂರ್ಯ' ಎನ್ನುವಾಗ 'ರ್' ಮೊದಲು ಕೇಳುತ್ತದೆ, 'ಯ' ಆಮೇಲೆ. ಬರೆಯುವಾಗ ಆ 'ರ್' ಹೋಗಿ 'ಯ'ದ ಬೆನ್ನ ಹಿಂದೆ ಕೂರುತ್ತದೆ. ನಮಗೆ ಇದು ಕಣ್ಣಿಗೇ ಬೀಳುವುದಿಲ್ಲ. ನನ್ನ ಮಗನಿಗೆ ಬಿತ್ತು. ಅವನು 'ಸೂಯ್ರ' ಎಂದು ಓದುತ್ತಿದ್ದ, 'ಕಾಯ್ರಕ್ರಮ' ಎನ್ನುತ್ತಿದ್ದ. ಸಂಘದ ತರಗತಿಯಲ್ಲಿ ಮಕ್ಕಳು ನಗುತ್ತಿದ್ದರು. ಕಾಗದದ ಮೇಲೆ ಇದ್ದದ್ದನ್ನು ಇದ್ದ ಕ್ರಮದಲ್ಲೇ ಓದಿದ್ದವನು ಅವನೊಬ್ಬನೇ ಎಂದು ಯಾರಿಗೂ ಹೊಳೆಯಲಿಲ್ಲ.

ಪರೀಕ್ಷೆಯಾದ ಮೇಲೆ ವಾರಕ್ಕೆ ಮೂರು ದಿನ ವಿಶೇಷ ಶಿಕ್ಷಕಿಯೊಬ್ಬರ ಬಳಿ ಹೋಗತೊಡಗಿದ. ಅವರು ತಟ್ಟೆಯಲ್ಲಿ ರವೆ ಹರಡಿ ಬೆರಳಿನಿಂದ ಅಕ್ಷರ ಬರೆಸುತ್ತಿದ್ದರು. ಒಂದು ಸದ್ದು, ಒಂದು ಗುರುತು. ಬಾಯಲ್ಲಿ ಹೇಳುತ್ತಾ ಬೆರಳಲ್ಲಿ ತಿದ್ದುವುದು. ಜೇಡಿಮಣ್ಣಿನಲ್ಲಿ 'ಬಿ' ಮತ್ತು 'ಡಿ' ಮಾಡಿಸಿ, ಕಣ್ಣು ಮುಚ್ಚಿ ಮುಟ್ಟಿ ಹೇಳಿಸುತ್ತಿದ್ದರು. ರವೆಯಲ್ಲಿ ಮಂತ್ರವೇನೂ ಇಲ್ಲ ಎಂದು ಅವರೇ ಹೇಳುತ್ತಿದ್ದರು. ಮುಖ್ಯವಾದದ್ದು ಕ್ರಮ, ನಿಧಾನ, ದಿನದಿನದ ಪುನರಾವರ್ತನೆ. ಆದರೆ ರವೆಯಲ್ಲಿ ಇನ್ನೊಂದು ಗುಣವಿದೆ: ತಪ್ಪಾದರೆ ಅಂಗೈಯಿಂದ ಸವರಿದರೆ ಆಯಿತು. ಕೆಂಪು ಶಾಯಿ ಇಲ್ಲ, ರಬ್ಬರಿನಲ್ಲಿ ಉಜ್ಜಿ ಹರಿದ ಕಾಗದವಿಲ್ಲ. ತಪ್ಪಿನ ಗುರುತು ಉಳಿಯದ ಜಾಗದಲ್ಲಿ ಕೂತಾಗ ಅವನ ಭುಜ ಇಳಿದದ್ದನ್ನು ನಾನು ಬಾಗಿಲಿನಿಂದ ನೋಡಿದೆ.

2007ರಲ್ಲಿ ಬಂದ 'ತಾರೇ ಜಮೀನ್ ಪರ್' ಸಿನಿಮಾವನ್ನು ನಮ್ಮಲ್ಲಿ ನೋಡದವರು ಕಡಿಮೆ. ಡಿಸ್ಲೆಕ್ಸಿಯಾ ಎಂಬ ಪದ ಬಹಳ ಮನೆಗಳಿಗೆ ಬಂದದ್ದೇ ಅದರಿಂದ. ಅದರ ಉಪಕಾರ ದೊಡ್ಡದು. ಆದರೆ ಅದರಲ್ಲಿ ನಿಮಗೆ ನೆನಪಿರುವುದು ಏನು? ಕೊನೆಯ ಚಿತ್ರಸ್ಪರ್ಧೆ, ಈಶಾನ್ ಗೆದ್ದದ್ದು, ನಾವೆಲ್ಲ ಅತ್ತದ್ದು. ಅದಕ್ಕೂ ಮೊದಲು ಶಿಕ್ಷಕ ಮರಳಿನಲ್ಲಿ ಅಕ್ಷರ ಬರೆಸುವ, ಜೇಡಿಮಣ್ಣು ಕಲಸಿ ಕೊಡುವ, ಮೆಟ್ಟಿಲು ಹತ್ತಿಸಿ ಇಳಿಸಿ ಲೆಕ್ಕ ಕಲಿಸುವ ಕೆಲವು ನಿಮಿಷಗಳಿವೆ. ಹುಡುಗ ಓದಲು ಕಲಿಯುವುದು ಅಲ್ಲಿ. ನಾವು ಬಹುಮಾನ ನೆನಪಿಟ್ಟುಕೊಂಡು ಮರಳನ್ನು ಮರೆತೆವು.

ಆ ವರ್ಷದ ಮೇ ತಿಂಗಳಲ್ಲಿ ಶಿರಸಿ ಹತ್ತಿರದ ತವರಿಗೆ ಹೋದೆವು. ಆಯಿಗೆ ಫೋನಿನಲ್ಲಿ ಎಲ್ಲ ಹೇಳಿದ್ದೆ. ಅವಳು ನಂಬಿರಲಿಲ್ಲ. 'ಮಾಣಿಗೆ ಎಂತೂ ಆಜಿಲ್ಲೆ, ನಿಮ್ಮ ಶಾಲೆಯವ್ಕೆ ಪುರ್ಸೊತ್ತಿಲ್ಲೆ ಅಷ್ಟೇಯ' ಎಂದಿದ್ದಳು. ಆದರೂ ಬೆಳಿಗ್ಗೆ ಅಂಗಳ ಸಾರಿಸಿ ರಂಗೋಲಿ ಹಾಕುವಾಗ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚುಕ್ಕಿ ಇಡಲು ಅವನಿಗೆ ಬಿಟ್ಟಳು. ಎಂಟು ಚುಕ್ಕಿಯ ಸಾಲು, ಆಮೇಲೆ ಆರು, ನಾಲ್ಕು. ಎಡ ಬಲ ತಪ್ಪುವ ಹುಡುಗ ಚುಕ್ಕಿ ಸುತ್ತುವ ಗೆರೆಯಲ್ಲಿ ತಪ್ಪಲಿಲ್ಲ ಎಂದೇನೂ ಇಲ್ಲ, ತಪ್ಪಿದ. ಆಯಿ ಅದನ್ನೇ ಬೇರೆ ಎಳೆಯಾಗಿ ತಿರುಗಿಸಿದಳು. ಮಧ್ಯಾಹ್ನ ಅವರಿಬ್ಬರೂ ಹುಣಸೆಬೀಜ, ಅಡಿಕೆಸಿಪ್ಪೆ, ಹಲಸಿನ ಎಲೆ ಜೋಡಿಸಿ ಅಕ್ಷರ ಮಾಡುತ್ತಿದ್ದರು. ಒತ್ತಕ್ಷರಕ್ಕೆ ಅವನು ಬೇರು ಎಂದು ಹೆಸರಿಟ್ಟ. 'ಮೇಲೆ ಮರ, ಕೆಳಗೆ ಬೇರು. ಅಮ್ಮಮ್ಮ, ಅಕ್ಕದಲ್ಲಿ ಮರ, ಬೇರು ಎರಡೂ ಒಂದೇ ಜಾತಿ.' ಆಯಿ ನನ್ನ ಮುಖ ನೋಡಿದಳು.

ಅರ್ಕಾವೊತ್ತಿನ ವಿಷಯ ಬಂದದ್ದು ಒಂದು ಬೆಳಿಗ್ಗೆ. ತೋಟದ ಅಂಚಿನ ಮಾವಿನ ಮರದಲ್ಲಿ ಕೋಗಿಲೆ ಕೂಗುತ್ತಿತ್ತು. ಅವನು ಬಹಳ ಹೊತ್ತು ಕೆಳಗೆ ನಿಂತು ಹುಡುಕಿದ. ಕೊನೆಗೆ ಕಂಡಿತು, ಎಲೆಯ ಹಿಂದೆ. ಓಡಿಬಂದು, 'ಅಮ್ಮಾ, ಆ ಹಿಂದೆ ಕೂರುವ ರ ಇದೆಯಲ್ಲ, ಅದು ಕೋಗಿಲೆ. ಮೊದಲು ಕೇಳತ್ತೆ, ಆಮೇಲೆ ಕಾಣತ್ತೆ' ಎಂದ.

ನನಗೆ ಅಳು ಬಂತು ಎಂದು ಬರೆಯಬಹುದಿತ್ತು. ನಿಜ ಹೇಳಬೇಕೆಂದರೆ ಮೊದಲು ಬಂದದ್ದು ನಾಚಿಕೆ. ಎರಡು ವರ್ಷ ನಾನು ಅವನನ್ನು ಹೂವು, ಬಿದಿರು, ಚಿಟ್ಟೆ ಎಂದು ಏನೇನೋ ಮಾಡಿದ್ದೆ. ಅವನು ಒಂದೇ ಬೆಳಿಗ್ಗೆಯಲ್ಲಿ ಒಂದು ಹಕ್ಕಿಯನ್ನು ಕೆಲಸಕ್ಕೆ ಹಚ್ಚಿದ್ದ. ನನ್ನ ಹೋಲಿಕೆ ಅವನು ಯಾರು ಎಂದು ಹೇಳುತ್ತಿತ್ತು, ಅವನ ಹೋಲಿಕೆ ಅಕ್ಷರ ಏನು ಮಾಡುತ್ತದೆ ಎಂದು ಹೇಳುತ್ತಿತ್ತು. ಅಂದಿನಿಂದ 'ಸೂರ್ಯ' ಬಂದಾಗ ಅವನು ಒಂದು ಕ್ಷಣ ನಿಂತು, ಕೋಗಿಲೆಯನ್ನು ಕಿವಿಗೆ ಮೊದಲು ತಂದುಕೊಂಡು ಓದುತ್ತಾನೆ. ನಿಧಾನ ಆಗುತ್ತದೆ. ಸರಿ ಆಗುತ್ತದೆ.

ಈ ಗೆಲುವಿನ ಹುರುಪಿನಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. ಠಾಣೆಯ ಗೆಳತಿಯ ಮಗಳಿಗೂ ಇದೇ ತೊಡಕು ಇತ್ತು. ನಾನು ಅವಳಿಗೆ ಕೋಗಿಲೆಯ ಪಾಠ ಮಾಡಿದೆ. ಹುಡುಗಿ ಸೌಜನ್ಯದಿಂದ ಕೇಳಿಸಿಕೊಂಡಳು, ಮರುದಿನ ಮರೆತಳು. ವಾರದ ನಂತರ ಅವಳೇ ಹೇಳಿದಳು: 'ಆಂಟಿ, ಅದು ಲೋಕಲ್ ಟ್ರೇನಿನ ಗಾರ್ಡ್. ಕೂರೋದು ಕೊನೇ ಡಬ್ಬಿಯಲ್ಲಿ, ಆದರೆ ಬೆಲ್ ಮೊದಲು ಅವರದ್ದೇ ಆಗಬೇಕು.' ದಿನವೂ ಅಪ್ಪನ ಜೊತೆ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಲ್ಲುವ ಹುಡುಗಿ ಅವಳು. ಅವಳ ಕಾಡು ಅದೇ. ಎಲ್ಲರಿಗೂ ಹಂಚಬಹುದಾದ ಸಿದ್ಧ ಸಂಕೇತ ಎಂಬುದಿಲ್ಲ ಎಂದು ನನಗೆ ಅಂದು ತಿಳಿಯಿತು. ಪ್ರಕೃತಿ ಒಳ್ಳೆಯ ಉಗ್ರಾಣ. ಅಲ್ಲಿ ಆಕಾರಗಳಿವೆ, ಕ್ರಮವಿದೆ, ಮುಟ್ಟಿ ನೋಡುವ ವಸ್ತುಗಳಿವೆ. ಆದರೆ ಉಗ್ರಾಣದಿಂದ ಏನು ತೆಗೆಯಬೇಕೆಂದು ಮಗುವೇ ನಿರ್ಧರಿಸಬೇಕು. ನಾವು ಮಾಡಬೇಕಾದದ್ದು ಬಾಗಿಲು ತೆರೆದಿಡುವುದು, ಜೊತೆಗೆ ಹೊತ್ತು ಕೊಡುವುದು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಡಿಸ್ಲೆಕ್ಸಿಯಾ ಎಂದೊಡನೆ ಜನ ಐನ್‌ಸ್ಟೈನ್, ಡಾ ವಿಂಚಿಯರ ಹೆಸರು ಹೇಳುತ್ತಾರೆ. ಸತ್ತು ಹೋದವರಿಗೆ ಕುಳಿತಲ್ಲೇ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವುದು ನನಗೆ ಒಪ್ಪಿಗೆಯಿಲ್ಲ. 'ಓದು ಬಾರದಿದ್ದರೇನು, ಚಿತ್ರ ಬರೆಯುತ್ತಾನಲ್ಲ' ಎಂಬುದು ಅದೇ ಹೂವಿನ ಎರಡನೇ ಕಂತು. ನನ್ನ ಮಗ ಚಿತ್ರ ಬರೆಯುತ್ತಾನೆ, ಹೌದು. ಅವನ ಕಾಗೆ ಚಪ್ಪಲಿಯಂತೆ ಕಾಣುತ್ತದೆ. ಸೃಜನಶೀಲತೆಯನ್ನು ನಾವು ಪರಿಹಾರಧನದಂತೆ ನೋಡತೊಡಗಿದರೆ, ಓದಿನಲ್ಲಿ ಸೋತ ಮಗುವಿಗೆ ಇನ್ನೊಂದು ಪರೀಕ್ಷೆ ಒಡ್ಡಿದಂತಾಗುತ್ತದೆ. ಅದರಲ್ಲೂ ಗೆಲ್ಲದ ಮಗು ಎಲ್ಲಿಗೆ ಹೋಗಬೇಕು? ಬಣ್ಣ, ಮಣ್ಣು, ಹಾಡು, ಕತೆ ಇವೆಲ್ಲ ಅವನಿಗೆ ಕಲಿಯುವ ದಾರಿ. ಅವನು ಸಾಮಾನ್ಯ ಹುಡುಗನಾಗಿಯೇ ಉಳಿಯುವ ಹಕ್ಕನ್ನು ಅದಕ್ಕೆ ಬದಲಾಗಿ ಒತ್ತೆಯಿಡಬೇಕಾಗಿಲ್ಲ.

ಆರ್. ಕೆ. ಲಕ್ಷ್ಮಣ್ ಮೈಸೂರಿನ ಶಾಲೆಯಲ್ಲಿ ಹುಡುಗನಾಗಿದ್ದಾಗ ಮೇಷ್ಟ್ರು ಎಲೆಯ ಚಿತ್ರ ಬರೆಯಲು ಹೇಳಿದರಂತೆ. ಅವರು ಅರಳಿ ಎಲೆ ಬರೆದರು, ಮೇಷ್ಟ್ರು ಮೆಚ್ಚಿದರು. ತಾವು ಕಲಾವಿದ ಎಂದು ಅಂದಿನಿಂದ ಅನ್ನಿಸತೊಡಗಿತು ಎಂಬುದು ಅವರೇ ಹೇಳಿಕೊಂಡ ಕತೆ. ಅವರಿಗೆ ಕಲಿಕೆಯ ತೊಡಕಿತ್ತು ಎಂದು ನಾನು ಹೇಳುತ್ತಿಲ್ಲ. ಈ ಪ್ರಸಂಗದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಆ ಮೇಷ್ಟ್ರು. ಅವರು ಹುಡುಗನನ್ನು ಯಾವ ಗಿಡಕ್ಕೂ ಹೋಲಿಸಲಿಲ್ಲ. ಅವನು ಬರೆದ ಎಲೆಯನ್ನು ನೋಡಿದರು.

ಇನ್ನು ನಾವು ಮಾತನಾಡಲು ಹಿಂಜರಿಯುವ ವಿಷಯ, ಪ್ರಮಾಣಪತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ನಿರ್ದಿಷ್ಟ ಕಲಿಕಾ ನ್ಯೂನತೆ ಅವುಗಳಲ್ಲಿ ಒಂದು. ಓದಿನ ಡಿಸ್ಲೆಕ್ಸಿಯಾ, ಬರವಣಿಗೆಯ ಡಿಸ್‌ಗ್ರಾಫಿಯಾ, ಲೆಕ್ಕದ ಡಿಸ್‌ಕ್ಯಾಲ್ಕುಲಿಯಾ ಅದರೊಳಗೆ ಬರುತ್ತವೆ. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬೇಕಾದರೆ ಬರೆಯುವ ಸಹಾಯಕ, ಕೆಲವು ಮಂಡಳಿಗಳಲ್ಲಿ ಭಾಷೆಯ ವಿನಾಯಿತಿ ಸಿಗುತ್ತವೆ. ನಮ್ಮ ಮನೆಯಲ್ಲಿ ಈ ಕಾಗದದ ಬಗ್ಗೆ ಆರು ತಿಂಗಳು ಜಗಳವಾಯಿತು. 'ಅಂಗವಿಕಲ ಎಂದು ಬರೆಸಿಕೊಳ್ಳುವುದೇ? ನಾಳೆ ಅವನ ಮದುವೆ?' ಎಂದರು ಮನೆಯವರು. ಹತ್ತು ವರ್ಷದ ಹುಡುಗನ ಮದುವೆಗೆ ಹೆದರಿ ಅವನ ಹತ್ತನೇ ತರಗತಿಯನ್ನು ಬಲಿ ಕೊಡುವುದು ಬೇಡ ಎಂದು ನಾನು ಹಟ ಹಿಡಿದೆ. ಕನ್ನಡಕ ಹಾಕಿಕೊಂಡವನಿಗೆ ರಿಯಾಯಿತಿ ಕೊಟ್ಟೆವು ಎಂದು ಯಾರೂ ಹೇಳುವುದಿಲ್ಲ. ಇದೂ ಕನ್ನಡಕವೇ. 'ನ್ಯೂನತೆ' ಎಂಬ ಪದ ನನಗೂ ಹಿತವಿಲ್ಲ, ಆದರೆ ಆ ಪದದ ಜೊತೆಗೆ ಹಕ್ಕು ಬರುತ್ತದೆ. ಕಚೇರಿಯಲ್ಲಿ ಅದನ್ನು ಬಳಸುತ್ತೇನೆ. ಮನೆಯಲ್ಲಿ 'ಅವನ ಓದು ಬೇರೆ ದಾರಿ' ಎನ್ನುತ್ತೇವೆ.

ಶಾಲೆಯ ಕಡೆಯಿಂದ ಇನ್ನೊಂದು ಸಲಹೆ ಬಂದಿತ್ತು: 'ಮನೆಯಲ್ಲಿ ಕನ್ನಡ ನಿಲ್ಲಿಸಿ, ಇಂಗ್ಲಿಷ್ ಒಂದೇ ಮಾತನಾಡಿ.' ನಿಮ್ಮಲ್ಲಿ ಬಹಳ ಮಂದಿಗೆ ಈ ಮಾತು ಗೊತ್ತಿರುತ್ತದೆ. ದಯವಿಟ್ಟು ಕೇಳಬೇಡಿ. ಎರಡು ಮೂರು ಭಾಷೆ ಕೇಳಿ ಬೆಳೆಯುವುದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ. ಮಗುವಿಗೆ ಭಾರವಾಗಿರುವುದು ಲಿಪಿ. ಲಿಪಿಯನ್ನು ತಡ ಮಾಡಬಹುದು, ಒಂದು ಗಟ್ಟಿಯಾದ ಮೇಲೆ ಇನ್ನೊಂದು ಎಂದು ಸರದಿ ಹಾಕಬಹುದು. ಮಾತನ್ನು ಕಿತ್ತುಕೊಳ್ಳಬೇಡಿ. ಅಜ್ಜಿಯ ಕತೆ, ಪ್ರಾಸದ ಆಟ, ಒಗಟು ಇವೆಲ್ಲ ಸದ್ದನ್ನು ಬಿಡಿಸಿ ಕೇಳುವ ಕಿವಿಯನ್ನು ತಯಾರು ಮಾಡುತ್ತವೆ. ಓದಿಗೆ ಬೇಕಾದ ಮೊದಲ ಕಿವಿ ಅದು. ಒಗಟು ತಾನೇ ಏನು? ಒಂದನ್ನು ಇನ್ನೊಂದಾಗಿ ನೋಡು ಎನ್ನುವ ಆಟ. ನನ್ನ ಮಗ ಕೋಗಿಲೆಯನ್ನು ಕಂಡುಕೊಂಡದ್ದು ಕನ್ನಡದಲ್ಲಿ.

ನಮ್ಮ ಸಂಘಗಳಿಗೆ, ಭಾನುವಾರದ ಕನ್ನಡ ತರಗತಿ ನಡೆಸುವ ಸ್ವಯಂಸೇವಕರಿಗೆ ಮೂರು ಕೋರಿಕೆ. ಒಂದು, ರಾಜ್ಯೋತ್ಸವದ ವೇದಿಕೆಯಲ್ಲಾಗಲಿ ತರಗತಿಯಲ್ಲಾಗಲಿ ಯಾವ ಮಗುವಿನಿಂದಲೂ ಸಿದ್ಧತೆಯಿಲ್ಲದೆ ಗಟ್ಟಿಯಾಗಿ ಓದಿಸಬೇಡಿ. ಎರಡು, ಕಾಪಿ ಬರೆಸುವ ಮೊದಲು ಒಂದು ತಟ್ಟೆ ಮರಳು ಇಡಿ. ಇದು ಹೊಸದಲ್ಲ. ನಮ್ಮ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದಲೇ ಅಕ್ಷರ ತಿದ್ದಿದರು. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದ ಮರಿಯಾ ಮಾಂಟೆಸ್ಸರಿ ಉಪ್ಪುಕಾಗದದ ಅಕ್ಷರಗಳ ಮೇಲೆ ಮಕ್ಕಳ ಬೆರಳಾಡಿಸುವ ಕ್ರಮ ಕಲಿಸಿದರು. ನಮ್ಮ ಅಕ್ಷರಗಳು ಇಷ್ಟು ದುಂಡಗಿರುವುದೇ ತಾಳೆಗರಿ ಸೀಳದಿರಲಿ ಎಂದು ಎನ್ನುತ್ತಾರೆ. ಎಲೆಯ ಮೇಲೆ ಬೆಳೆದ ಲಿಪಿ ನಮ್ಮದು. ನಾವು ವಿಜಯದಶಮಿಯಂದು ಅಕ್ಕಿಯ ಮೇಲೆ ಒಂದು ಅಕ್ಷರ ಬರೆಸಿ ಫೋಟೋ ತೆಗೆದು, ಮರುದಿನದಿಂದ ನಾಲ್ಕು ಗೆರೆಯ ಪುಸ್ತಕಕ್ಕೆ ಕಳಿಸುತ್ತೇವೆ. ಅಕ್ಕಿಯ ತಟ್ಟೆ ವರ್ಷವಿಡೀ ಇರಲಿ. ಮೂರು, ಎಂಟು ವರ್ಷವಾದರೂ ಮಗು ಓದಲು ಒದ್ದಾಡುತ್ತಿದ್ದರೆ ಹೂವಿನ ಮಾತು ಬಿಟ್ಟು ಹೆತ್ತವರಿಗೆ ನೇರವಾಗಿ ಹೇಳಿ. ಮುಂಬೈಯಲ್ಲಿ ಮಹಾರಾಷ್ಟ್ರ ಡಿಸ್ಲೆಕ್ಸಿಯಾ ಅಸೋಸಿಯೇಷನ್, ಚೆನ್ನೈಯಲ್ಲಿ ಮದ್ರಾಸ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ ಇವೆ. ವಿಚಾರಿಸಿದರೆ ದಾರಿ ಸಿಗುತ್ತದೆ. ನನಗೆ ಯಾರೂ ಹೇಳದೆ ಎರಡು ವರ್ಷ ಹೋಯಿತು.

ಮಗ ಈಗ ಏಳನೇ ತರಗತಿ. ಇಂಗ್ಲಿಷಿನ ಪಾಠಪುಸ್ತಕವನ್ನು ಬೆರಳಿಟ್ಟು ಓದುತ್ತಾನೆ, ಉದ್ದ ಪುಟ ಕಂಡರೆ ಈಗಲೂ ಬಾಯಾರಿಕೆಯಾಗುತ್ತದೆ. ಕಳೆದ ಮಳೆಗಾಲದಲ್ಲಿ ಅಜ್ಜಿಗೆ ಒಂದು ಕಾರ್ಡು ಬರೆದ. ಐದು ಸಾಲು, ಏಳು ತಪ್ಪು. ನಾನು ತಿದ್ದಲು ಹೋಗಿ ಕೈ ಹಿಂದೆ ತೆಗೆದೆ. 'ಇಲ್ಲಿ ಸೂರ್ಯ ಕಾಣಲಿಲ್ಲ' ಎಂಬ ಸಾಲಿನಲ್ಲಿ ಕೋಗಿಲೆ ಸರಿಯಾದ ಕೊಂಬೆಯ ಮೇಲೆ ಕೂತಿತ್ತು.

ಎಂಟು ದಿನದ ಮೇಲೆ ಆಯಿಯ ಫೋನು ಬಂತು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳಂತೆ. 'ಮಾಣಿ ಅಕ್ಷರ ಅಂಗಳದಲ್ಲಿ ಅಡಕೆ ಒಣಗ್ಸಿದಾಂಗೆ ಇದ್ದು' ಎಂದಳು. ಅಂದರೆ ಹರಡಿಕೊಂಡಿವೆ, ಒಂದರಂತೆ ಒಂದಿಲ್ಲ. ಕಾರ್ಡನ್ನು ಗೋಡೆಯ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿಟ್ಟಿದ್ದಾಳೆ. ಉತ್ತರ ಬರೆಯುತ್ತೇನೆ, ನಿಧಾನ ಓದಿಕೊಳ್ಳಲಿ, ಅವಸರವಿಲ್ಲ ಎಂದಳು.